ಸಿಲ್ವರ್ ಓಕ್ ಹಲಗೆಗೆ ಬಣ್ಣ ಬಳಿದು ಐದು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಸಿಲ್ವರ್ ಓಕ್‌ನಿಂದ ಮಾಡಿದ ಒಂದು ಪುಸ್ತಕದ ಕಪಾಟು, ಒಂದು ಮಂಚ, ಮಗಳು ಓದುವ ಮೇಜು ಇವೆ. ಮೂರಕ್ಕೂ ಎನಾಮೆಲ್ ಬಣ್ಣ ಹೊಡೆದು ಐದು ವರ್ಷವಾಯಿತು. ಸಕಲೇಶಪುರದ ಕಡೆಯವರಿಗೆ ಈ ಮರ ಹೊಸದಲ್ಲ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುತ್ತಾರೆ, ಅದಕ್ಕೇ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಹೆಸರಲ್ಲಿ ಓಕ್ ಇದ್ದರೂ ಇದು ಓಕ್ ಜಾತಿಯದಲ್ಲ, ಆಸ್ಟ್ರೇಲಿಯಾದ ಪೂರ್ವ ಭಾಗದ ಮರ.

ನಾನು ಇದನ್ನು ಆರಿಸಿದ್ದು ದರ ನೋಡಿ. ತೇಗಕ್ಕೆ ಕೇಳಿದ ದುಡ್ಡಿನಲ್ಲಿ ಕಾಲು ಭಾಗ ಸಾಕಾಯಿತು. ಬಣ್ಣ ಬಳಿದ ಮೇಲೆ ತೇಗದ ಗೆರೆ ಯಾರಿಗೂ ಕಾಣುವುದಿಲ್ಲ ಅಲ್ವಾ? ಆ ಅಂದಕ್ಕೆ ಯಾಕೆ ಜಾಸ್ತಿ ಕೊಡಬೇಕು?

ಮಿಲ್ಲಿನಲ್ಲಿ ಲೆಕ್ಕ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ. 1 ಇಂಚು ದಪ್ಪ, 8 ಇಂಚು ಅಗಲ, 6 ಅಡಿ ಉದ್ದದ ಮೂರು ಹಲಗೆ ಸೇರಿದರೆ ಒಂದು ಸಿಎಫ್‌ಟಿ. ದುಡ್ಡು ಕೊಡುವುದು ಕೊಯ್ದ ಅಳತೆಗೆ. ಪ್ಲೇನರ್ ಯಂತ್ರದಲ್ಲಿ ಹೆರೆಸಿ ನುಣುಪು ಮಾಡಿಸಿದ ಮೇಲೆ ಆ ಒಂದು ಇಂಚು ಮುಕ್ಕಾಲು ಇಂಚಿಗೆ ಇಳಿಯುತ್ತದೆ. ಅಳತೆ ಹಾಕುವಾಗ ಇದನ್ನು ಮರೆಯಬೇಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮೊದಲು ಮಾಡಿದ್ದು ಮೇಜು. ಹಲಗೆ ಒಣಗಿದೆ ಅಂದರು, ನಂಬಿದೆ. ಮಳೆ ಮುಗಿದ ಹೊಸದರಲ್ಲಿ ಮಾಡಿದ್ದು, ಮಾರ್ಚ್ ಬರುವಷ್ಟರಲ್ಲಿ ಮೇಲಿನ ಹಲಗೆ ಉದ್ದಕ್ಕೂ ಸೀಳಿತು. ನಾಣ್ಯ ತೂರಿಸುವಷ್ಟು ಬಿರುಕು. ಮಗಳು ಅದನ್ನು ತೋರಿಸಿದಾಗ ತುಂಬಾ ಬೇಜಾರಾಯಿತು. ಮರ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಚೆನ್ನಾಗಿ ಕುಗ್ಗುತ್ತದೆ. ನಾನು ನಾಲ್ಕೂ ಕಡೆ ಬಿಗಿಯಾಗಿ ಸ್ಕ್ರೂ ಹಾಕಿ ಅದಕ್ಕೆ ಅಲುಗಾಡಲು ಜಾಗವೇ ಬಿಟ್ಟಿರಲಿಲ್ಲ. ಆಮೇಲೆ ಪೂರ್ತಿ ಬಿಚ್ಚಿ, ಸೀಳಿದ ಕಡೆ ಕೂಡಿಸಿ ಅಂಟಿಸಿ, ಕೆಳಗಿನ ಚೌಕಟ್ಟಿನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿ ಸ್ಕ್ರೂ ಕೂರಿಸಿದೆ. ಮತ್ತೆ ಬಿರುಕು ಬಿಟ್ಟಿಲ್ಲ.

ಕಪಾಟಿನ ಹಲಗೆಯನ್ನು ನಾನೇ ಒಣಗಿಸಿದೆ. ಡಿಸೆಂಬರ್‌ನಲ್ಲಿ ತಂದು, ಗಾಳಿಯಾಡುವ ಸೂರಿನ ಕೆಳಗೆ, ಪ್ರತಿ ಸಾಲಿನ ಮಧ್ಯೆ ಒಂದೇ ದಪ್ಪದ ರೀಪರ್ (ಮರದ ಸಣ್ಣ ಪಟ್ಟಿ) ಇಟ್ಟು ಜೋಡಿಸಿದೆ. ರೀಪರುಗಳು ಒಂದರ ಮೇಲೊಂದು ನೇರವಾಗಿ ಬರಬೇಕು, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಮೇಲೆ ಕಲ್ಲಿನ ಭಾರ. ಹಲಗೆಯ ಎರಡೂ ತುದಿಗೆ ಹಳೇ ಬಣ್ಣ ಬಳಿದಿದ್ದೆ. ಆ ಕಡೆಯಿಂದ ಬೇಗ ಒಣಗಿ ಸೀಳುವುದು ಇದರಿಂದ ತಪ್ಪುತ್ತದೆ. ಒಂದು ಹಲಗೆಗೆ ಗುರುತು ಹಾಕಿ ಪ್ರತಿ ಭಾನುವಾರ ತೂಕ ನೋಡುತ್ತಿದ್ದೆ. ಮೊದಮೊದಲು ತೂಕ ಸರಸರ ಇಳಿಯಿತು, ಆಮೇಲೆ ನಿಧಾನವಾಯಿತು, ಕೊನೆಗೆ ನಿಂತಿತು. ನಿಂತ ಮೇಲೂ ಎರಡು ವಾರ ಬಿಟ್ಟು ಕೆಲಸ ಶುರು ಮಾಡಿದೆ. ಆ ಕಪಾಟು ಇವತ್ತಿಗೂ ನೇರವಾಗಿದೆ. ಮಳೆಗಾಲದಲ್ಲಿ ಬಾಗಿಲು ಸ್ವಲ್ಪ ಬಿಗಿಯಾಗುತ್ತದೆ, ಅಷ್ಟೇ.

ಮಂಚದಲ್ಲಿ ಬೇರೆ ತಪ್ಪಾಯಿತು. ಕೆಳಭಾಗ ಯಾರು ನೋಡುತ್ತಾರೆ ಅಂತ ಬಣ್ಣ ಹೊಡೆಯದೆ ಬಿಟ್ಟೆ. ಎರಡನೇ ವರ್ಷ ನೆಲದ ಮೇಲೆ ಹಿಟ್ಟಿನಂಥ ಪುಡಿ. ಹುಳ ಕೊರೆದಿತ್ತು, ಅದೂ ಹೊರಗಿನ ಬಿಳಿ ಭಾಗವನ್ನು ಮಾತ್ರ; ಒಳಗಿನ ಗಟ್ಟಿ ಕೆಚ್ಚು ಹಾಗೇ ಇತ್ತು. ಈ ಹುಳ ಮೊಟ್ಟೆ ಇಡುವುದು ಬಣ್ಣ ಕಾಣದ ಮರದ ಸಣ್ಣ ರಂಧ್ರಗಳಲ್ಲಿ. ಬಣ್ಣ ಬರೀ ಚೆಂದಕ್ಕಲ್ಲ ಅಂತ ಆಗ ತಿಳಿಯಿತು. ಹಾಳಾದ ಎರಡು ಪಟ್ಟಿ ಬದಲಿಸಿದೆ. ಉಳಿದದ್ದಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ಕಲಸಿದ ಬಿಸಿನೀರನ್ನು ಬ್ರಷ್‌ನಲ್ಲಿ ಎರಡು ಸಲ ಬಳಿದು, ಒಣಗಿಸಿ, ಎಲ್ಲಾ ಕಡೆ ಪ್ರೈಮರ್ ಹೊಡೆದೆ. ಆಮೇಲೆ ಪುಡಿ ಬಿದ್ದಿಲ್ಲ.

ಬಣ್ಣ ಈ ಮರಕ್ಕೆ ಚೆನ್ನಾಗಿ ಹಿಡಿಯುತ್ತದೆ. ಪ್ರೈಮರ್, ತೆಳ್ಳಗೆ ಪುಟ್ಟಿ, ಉಪ್ಪುಕಾಗದ, ಮತ್ತೆ ಪ್ರೈಮರ್, ಆಮೇಲೆ ಎರಡು ಕೋಟ್ ಎನಾಮೆಲ್. ಐದು ವರ್ಷದಲ್ಲಿ ಕಪಾಟಿನ ಮೂಲೆಗಳಲ್ಲಿ ಮಾತ್ರ ಸ್ವಲ್ಪ ಎದ್ದಿದೆ. ಉಜ್ಜುವಾಗ ಮೂಗು, ಬಾಯಿಗೆ ಮಾಸ್ಕ್ ಹಾಕಿ, ತುಂಬು ತೋಳಿನ ಅಂಗಿ ತೊಡಿ. ಇದರ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ನನ್ನ ಮುಂಗೈ ಎರಡು ದಿನ ತುರಿಸಿತು.

ಇದಕ್ಕಿಂತ ಅಗ್ಗ ಬೇಕಾದರೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಇದೆ. ಅದರಲ್ಲಿ ಚಪ್ಪಲಿ ಸ್ಟ್ಯಾಂಡ್ ಮಾಡಿದ್ದೇನೆ. ಎಚ್‌ಟಿ ಅಂತ ಮುದ್ರೆ ಇರುವುದನ್ನೇ ತೆಗೆದುಕೊಳ್ಳಿ. ಅಂದರೆ ಒಳತಿರುಳು ಕೂಡ 56 ಡಿಗ್ರಿಯಲ್ಲಿ 30 ನಿಮಿಷ ಇರುವಂತೆ ಬಿಸಿ ಮಾಡಿದ್ದು. ಎಂಬಿ ಅಂತ ಇದ್ದರೆ ವಿಷದ ಅನಿಲ ಹಾಕಿದ್ದು, ಮನೆಗೆ ಬೇಡ. ಪೈನ್‌ನ ಗಂಟುಗಳಿಂದ ಅಂಟು ಒಸರಿ ಬಿಳಿ ಬಣ್ಣದ ಮೇಲೆ ಹಳದಿ ಕಲೆ ಮೂಡುತ್ತದೆ. ಮೊದಲೇ ಗಂಟಿನ ಮೇಲೆ ಎರಡು ಸಲ ಶೆಲ್ಲಾಕ್ (ಅರಗಿನ ವಾರ್ನಿಷ್) ಬಳಿದರೆ ಅದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಹೊರಗಡೆ ಮಳೆಗೆ ಇಡುವ ಬೆಂಚಿಗೆ, ನೀರು ನಿಲ್ಲುವ ಜಾಗಕ್ಕೆ ಸಿಲ್ವರ್ ಓಕ್ ಬೇಡವೇ ಬೇಡ. ಬೇಗ ಕೊಳೆಯುತ್ತದೆ, ಗೆದ್ದಲೂ ಬಿಡುವುದಿಲ್ಲ. ಮನೆಯೊಳಗೆ ಬಣ್ಣ ಬಳಿದು ಬಳಸುವುದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಈ ಡಿಸೆಂಬರ್‌ನಲ್ಲಿ ಮತ್ತೆ ನಾಲ್ಕು ಸಿಎಫ್‌ಟಿ ತರುತ್ತಿದ್ದೇನೆ, ಅಡುಗೆಮನೆಯ ಡಬ್ಬಗಳಿಗೆ ಒಂದು ಕಪಾಟು ಬೇಕಾಗಿದೆ.