ಬಾಲಿಗೆ ಹೋಗುವವರೇ, ಎಣಿಸಿಕೊಂಡ ನೋಟನ್ನು ಮತ್ತೆ ಹಣ ಬದಲಿಸುವವನ ಕೈಗೆ ಕೊಡಬೇಡಿ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಈಗಲೂ ನಮ್ಮವರು ಯಾರೋ ಬಾಲಿಯ ಕುಟಾದ ಒಂದು ಓಣಿಯಲ್ಲಿ, ಹಣ ಬದಲಿಸುವ ಅಂಗಡಿಯ ಮುಂದೆ ನಿಂತು, ಅಂದು ನಾನು ಓದಿದಂಥದೇ ಬೋರ್ಡನ್ನು ಓದುತ್ತಿರಬಹುದು: ಒಂದು ಡಾಲರ್‌ಗೆ 16,650 ರುಪಿಯಾ (ಇಂಡೊನೇಷ್ಯಾದ ಹಣ), ಕಮಿಷನ್ ಇಲ್ಲ.

ಆ ದಿನ ಲೆಗಿಯಾನ್ ರಸ್ತೆಯಲ್ಲಿ ಗಾಜಿನ ಬಾಗಿಲು ಹಾಕಿಕೊಂಡು ಎಸಿಯಲ್ಲಿ ಕೂತು ವ್ಯವಹಾರ ಮಾಡುವ ಅಂಗಡಿಗಳಲ್ಲೆಲ್ಲ ದರ 16,200ರ ಆಸುಪಾಸಿನಲ್ಲಿತ್ತು. ನಮ್ಮಲ್ಲಿ 100 ಡಾಲರಿನ ಮೂರು ನೋಟುಗಳಿದ್ದವು. ಓಣಿಯವನ ದರದಲ್ಲಿ ಬದಲಿಸಿದರೆ 1,35,000 ರುಪಿಯಾ ಹೆಚ್ಚು ಸಿಗುತ್ತದೆ ಎಂದು ನಾನು ಅಲ್ಲೇ ಲೆಕ್ಕ ಹಾಕಿದೆ. "ಊರೆಲ್ಲ ಒಂದು ದರ ಇರುವಾಗ ಇವನೊಬ್ಬನಿಗೆ ಹೇಗೆ ಪೂರೈಸುತ್ತದೆ?" ಎಂದು ಭಾವ ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಹಣ ನನ್ನೊಬ್ಬನದೂ ಅಲ್ಲ, ಅರ್ಧ ಅಕ್ಕ ಭಾವನದು.

ಅಂಗಡಿ ಎಂದರೆ ಸರೋಂಗ್, ಮರದ ಬೊಂಬೆ ಮಾರುವ ಜಾಗ. ಹಿಂದುಗಡೆ ಒಂದು ಎತ್ತರದ ಮೇಜು, ಅದರ ಆಚೆ ಇಬ್ಬರು ಹುಡುಗರು. "ಇಂಡಿಯಾ? ಶಾರುಖ್ ಖಾನ್!" ಎಂದು ನಗುತ್ತಾ ಕರೆದರು. ಆ ಮಾತಿಗೇ ನಾನು ಅರ್ಧ ಕರಗಿದ್ದೆ. ಕ್ಯಾಲ್ಕುಲೇಟರ್ ಒತ್ತಿ ತೋರಿಸಿದರು: 49,95,000. ಸರಿಯಾಗಿಯೇ ಇತ್ತು. 1 ಲಕ್ಷದ ಕೆಂಪು ನೋಟು ಕೇಳಿದೆ. ಮುಗಿದುಹೋಗಿದೆ, 50,000ದ ನೀಲಿ ನೋಟು ಮಾತ್ರ ಇದೆ ಎಂದರು. ಅಲ್ಲಿಯೇ ನಾನು ಎದ್ದು ಬರಬೇಕಿತ್ತು. ನೋಟು ಹೆಚ್ಚಿದಷ್ಟೂ ಅವರಿಗೆ ಅನುಕೂಲ ಎಂಬುದು ನನಗೆ ಆಮೇಲೆ ಹೊಳೆಯಿತು.

20 ನೋಟುಗಳ ನಾಲ್ಕು ಕಟ್ಟು, ಜೊತೆಗೆ ಬಿಡಿ ನೋಟು. ನಾನು ಎಣಿಸಿದೆ. ಹೌದು, ಒಂದೊಂದಾಗಿ ನಾನೇ ಎಣಿಸಿದೆ. ಒಂದು ಕಟ್ಟಿನಲ್ಲಿ ಒಂದು ನೋಟು ಕಡಿಮೆ ಇತ್ತು. ಹೇಳಿದ ಕೂಡಲೇ ಆ ಹುಡುಗ ಕೈಮುಗಿದ. "ಸಾರಿ ಬಾಸ್, ನನ್ನ ತಪ್ಪು" ಎಂದು ಎಲ್ಲವನ್ನೂ ವಾಪಸು ತೆಗೆದುಕೊಂಡ, ನನ್ನ ಕಣ್ಣೆದುರೇ ಮತ್ತೆ ಎಣಿಸಿದ, ಕಡಿಮೆ ಬಿದ್ದ 50,000ವನ್ನು ಮೇಲಿಟ್ಟು, ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ನನ್ನ ಕೈಗಿಟ್ಟ. ಅದೇ ಹೊತ್ತಿಗೆ ಇನ್ನೊಬ್ಬ, ನಾಳೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ. ನುಸಾ ಪೆನಿಡಾ ದ್ವೀಪಕ್ಕೆ ಎಂದು ಹೇಳಲು ನಾನು ತಲೆಯೆತ್ತಿದೆ. ಅಷ್ಟೇ. ನೋಟುಗಳು ಮೇಜಿನ ಆಚೆಗೆ ಜಾರಿದ್ದು ಆ ಗಳಿಗೆಯಲ್ಲಿಯೇ ಇರಬೇಕು. ಈಗಾಗಲೇ ಎಣಿಸಿದ್ದೇನಲ್ಲ, ತಪ್ಪನ್ನೂ ನಾನೇ ಹಿಡಿದಿದ್ದೇನಲ್ಲ ಎಂಬ ಧೈರ್ಯದಲ್ಲಿ ಜೇಬಿಗಿಳಿಸಿ ಹೊರಗೆ ಬಂದೆ. ಆ ಒಂದು ನೋಟನ್ನು ಅವರು ಬೇಕೆಂದೇ ಕಡಿಮೆ ಇಟ್ಟಿದ್ದರು. ನಾನು ತಪ್ಪು ಕಂಡುಹಿಡಿಯಲಿ, ಹಣ ಮತ್ತೆ ಅವರ ಕೈಗೆ ಹೋಗಲಿ ಎಂದೇ ಇಟ್ಟಿದ್ದರು. ಇದನ್ನು ನೆನೆದಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ.

ಹೋಟೆಲಿನಲ್ಲಿ ಹಾಸಿಗೆಯ ಮೇಲೆ ಹರಡಿ ಎಣಿಸಿದರೆ 37,95,000. ಇನ್ನೊಮ್ಮೆ ಎಣಿಸಿದೆ. ಭಾವ ಎಣಿಸಿದರು. 37,95,000. 24 ನೋಟು ಇಲ್ಲ. 12 ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ 6,000 ರೂಪಾಯಿಗೂ ಮೇಲೆ. "ನೀನು ಎಣಿಸಲಿಲ್ಲವೇನೋ?" ಎಂದು ಅಕ್ಕ ಕೇಳಿದಳು. ಎಣಿಸಿದೆ ಎಂದರೆ ಯಾರು ನಂಬುತ್ತಾರೆ?

ರಾತ್ರಿಯೇ ವಾಪಸು ಓಡಿದೆವು. ನಗುತ್ತಿದ್ದ ಹುಡುಗರಿಬ್ಬರೂ ಇರಲಿಲ್ಲ. ಮೇಜಿನ ಹಿಂದೆ ವಯಸ್ಸಾದ ಒಬ್ಬ ಕೂತಿದ್ದ. "ಅವರ ಪಾಳಿ ಮುಗಿಯಿತು, ಮನೆಗೆ ಹೋದರು" ಎಂದ. ಕಡಿಮೆ ಕೊಟ್ಟಿದ್ದಾರೆ ಎಂದೆ. "ಇಲ್ಲಿ ಎಣಿಸಿದಿರೋ ಇಲ್ಲವೋ?" ಎಣಿಸಿದೆ ಎಂದೆ. "ಹಾಗಾದರೆ ಸರಿಯಾಗಿಯೇ ಇತ್ತು. ಬಾಗಿಲು ದಾಟಿದ ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ." ನನ್ನ 300 ಡಾಲರ್ ಕೊಡು, ನಿನ್ನ ರುಪಿಯಾ ನೀನೇ ಇಟ್ಟುಕೋ ಎಂದೆ. ಅದಕ್ಕೆ, ವ್ಯವಹಾರ ರದ್ದು ಮಾಡಬೇಕಾದರೆ ಪೂರ್ತಿ 49,95,000 ತನ್ನಿ ಎಂದ! ಪೊಲೀಸರನ್ನು ಕರೆಯುತ್ತೇನೆ ಎಂದು ಭಾವ ದನಿಯೇರಿಸಿದರು. ಅವನು ತಲೆಯನ್ನೂ ಎತ್ತದೆ, "ಕರೆಯಿರಿ. ರಸೀದಿ ಎಲ್ಲಿ?" ಎಂದ. ರಸೀದಿ ಅವರು ಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಇಷ್ಟು ಹೊತ್ತೂ ಅವನು ಒಂದು ಸಲವೂ ಸಿಟ್ಟಾಗಲಿಲ್ಲ. ಆ ತಣ್ಣನೆಯ ದನಿ, ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದವನ ದನಿ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಮರುದಿನ ಬೆಳಗ್ಗೆ ಸಾನೂರಿನಿಂದ ದೋಣಿ ಹಿಡಿಯಬೇಕಿತ್ತು. ಪ್ರವಾಸಿಗೆ ಠಾಣೆ ಹತ್ತಲು ಪುರುಸೊತ್ತಿರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಬಾಲಿಯ ಜನರ ಮೇಲೆ ನನಗೆ ದೂರಿಲ್ಲ. ನಮ್ಮ ಕಾರಿನ ಚಾಲಕ ವಿಷಯ ಕೇಳಿ ನಮಗಿಂತ ಹೆಚ್ಚು ನೊಂದುಕೊಂಡ. ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಇಂಡೊನೇಷ್ಯಾದ ಪರವಾನಗಿ ಇರುವ ಅಂಗಡಿಗಳು 'ಬೆರಿಜಿನ್', ಅಂದರೆ ಪರವಾನಗಿ ಪಡೆದದ್ದು, ಎಂಬ ಫಲಕ ಹಾಕಿರುತ್ತವೆ ಎಂದು ತಿಳಿಸಿದವನೂ ಅವನೇ. ಆ ಫಲಕ ಇಲ್ಲದ ಕಡೆ, ಬೇರೆ ವ್ಯಾಪಾರದ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿರುವ ಕಡೆ, ದರ ಎಲ್ಲರಿಗಿಂತ ಹೆಚ್ಚಿರುವ ಕಡೆ ಡಾಲರನ್ನು ಜೇಬಿನಿಂದ ಹೊರಗೇ ತೆಗೆಯಬೇಡಿ. ರಸೀದಿ ಕೇಳಿ. ಹಣವನ್ನು ಕೊನೆಗೆ ಎಣಿಸುವವರು ನೀವೇ ಆಗಿರಬೇಕು. ಒಂದು ನೋಟು ಕಡಿಮೆ ಬಂದರೆ ಆ ಒಂದನ್ನು ಮಾತ್ರ ಕೇಳಿ, ಉಳಿದದ್ದನ್ನು ಕೈಯಿಂದ ಬಿಡಬೇಡಿ. ಅವನು ಎಷ್ಟೇ ಕೈಮುಗಿದರೂ ಬಿಡಬೇಡಿ. "ಎಲ್ಲ ಕೊಡಿ, ಮತ್ತೆ ಎಣಿಸುತ್ತೇನೆ" ಎಂದು ಅವನು ಕೈಚಾಚಿದ ಕೂಡಲೇ ನಿಮ್ಮ ಡಾಲರ್ ಎತ್ತಿಕೊಂಡು ಹೊರಗೆ ಬನ್ನಿ.

ಭಾವನ ಪಾಲಿನ 6 ಲಕ್ಷವನ್ನು ನಾನು ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ, ಒಂದು ಮಾತೂ ಆಡಲಿಲ್ಲ. ಪ್ರವಾಸ ಮುಗಿಯುವವರೆಗೂ ಹಣ ಬದಲಿಸಲು ಮಾತ್ರ ಅವರೊಬ್ಬರೇ ಹೋಗಿಬರುತ್ತಿದ್ದರು.