ಹಿಮದ ಮುನ್ಸೂಚನೆ ಇದ್ದಾಗ "ರೈಲು ಓಡುತ್ತಿದೆ" ಅನ್ನೋ ಮಾತು ನಂಬಿ ಹೊರಡಬೇಡಿ

ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ನಾಚಿಕೆ, ಅದಕ್ಕೇ. ಮುನ್ಸೂಚನೆ ನನ್ನ ಕಣ್ಣೆದುರಿಗೇ ಇತ್ತು. 72 ವರ್ಷದ ಅಮ್ಮನನ್ನು ಕಟ್ಟಿಕೊಂಡು ಹೊರಟವಳೂ ನಾನೇ. ಆದರೆ ನಿನ್ನೆ ರೈಲ್ವೆಯವರಿಂದ ಬಂದ ಇಮೇಲ್ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಗುರುವಾರ ಬೆಳಗ್ಗೆ ಬೇರೆ ಊರಿನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಬುಧವಾರ ಮಧ್ಯಾಹ್ನ ಒಂದು ರೈಲು, ಜಂಕ್ಷನ್‌ನಲ್ಲಿ ಇಳಿದು ಇನ್ನೊಂದು, ಮಧ್ಯೆ 50 ನಿಮಿಷ. ಸೋಮವಾರವೇ ಮುನ್ಸೂಚನೆ ಬಂತು: ಬುಧವಾರ ಮಧ್ಯಾಹ್ನದಿಂದ ಭಾರೀ ಹಿಮ, ಜೊತೆಗೆ ಗಾಳಿ. ಮಂಗಳವಾರ ಬೆಳಗ್ಗೆ ಎದ್ದವಳೇ ಸಹಾಯವಾಣಿಗೆ ಫೋನ್ ಮಾಡಿದೆ. ಇವತ್ತೇ ಹೊರಡುವಂತೆ ಟಿಕೆಟ್ ಬದಲಿಸಿಕೊಡುತ್ತೀರಾ ಅಂತ ಕೇಳಿದೆ.

"ಮೇಡಂ, ಸದ್ಯಕ್ಕೆ ಎಲ್ಲ ರೈಲುಗಳೂ ಸಮಯಕ್ಕೆ ಸರಿಯಾಗಿ ಓಡುತ್ತಿವೆ."

"ಇವತ್ತಿನದಲ್ಲ, ನಾನು ನಾಳೆಯದು ಕೇಳ್ತಿರೋದು. ನಾಳೆ ಹಿಮ ಬೀಳುತ್ತಂತಲ್ಲ."

"ನಾಳೆಯ ರೈಲು ರದ್ದಾಗಿಲ್ಲ ಮೇಡಂ. ನೀವಾಗಿ ಬದಲಿಸಿದರೆ ಶುಲ್ಕ ಬೀಳುತ್ತೆ. ಅದರ ಅಗತ್ಯ ಇದೆ ಅಂತ ನನಗನ್ನಿಸಲ್ಲ."

ಅಗತ್ಯ ಇದೆ ಅಂತ ನನಗನ್ನಿಸಲ್ಲ! ಈ ಮಾತು ನೆನಪಿಟ್ಟುಕೊಳ್ಳಿ. ಅಮ್ಮನ ವಯಸ್ಸು ಹೇಳಿದೆ, ಆಪರೇಷನ್ ಇದೆ ಅಂತ ಹೇಳಿದೆ, ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ. ರೈಲ್ವೆಯವರೇ ಇಷ್ಟು ಧೈರ್ಯವಾಗಿ ಹೇಳುವಾಗ ನಾನೇ ಅತಿಯಾಗಿ ಹೆದರುತ್ತಿದ್ದೇನೇನೋ ಅನ್ನಿಸಿ ಫೋನ್ ಇಟ್ಟೆ.

ಅದೇ ಮಂಗಳವಾರ ರಾತ್ರಿ 9:40ಕ್ಕೆ ಅವರ ಜಾಲತಾಣದಲ್ಲಿ ಒಂದು ಪ್ರಕಟಣೆ ಬಂತು. ಬುಧವಾರದ ಟಿಕೆಟ್ ಇದ್ದವರು ಹೆಚ್ಚುವರಿ ಶುಲ್ಕವಿಲ್ಲದೆ ಮಂಗಳವಾರ ಅಥವಾ ಗುರುವಾರ ಪ್ರಯಾಣಿಸಬಹುದು ಅಂತ. ಮಂಗಳವಾರದ ಕೊನೆಯ ರೈಲು ಹೊರಟು ಹೋಗಿದ್ದು ರಾತ್ರಿ 8ಕ್ಕೆ! ಹೋಗಿಬಿಟ್ಟ ರೈಲಿಗೆ ಉಚಿತ ಅವಕಾಶ. ಅದನ್ನು ಓದಿ ಮೈ ಉರಿದುಹೋಯಿತು. ನಾನು ಬೆಳಗ್ಗೆ ಬಾಯಿಬಿಟ್ಟು ಕೇಳಿದ್ದೂ ಇದನ್ನೇ ಅಲ್ಲವಾ?

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಗುರುವಾರ ಹೊರಟರೆ ಆಪರೇಷನ್ ತಪ್ಪುತ್ತೆ. ಬುಧವಾರ ಬೆಳಗ್ಗೆ ಆಪ್ ನೋಡಿದರೆ ನಮ್ಮ ರೈಲಿನ ಮುಂದೆ ಹಸಿರು ಬಣ್ಣದಲ್ಲಿ "ಸಮಯಕ್ಕೆ ಸರಿಯಾಗಿದೆ" ಅಂತ ಇತ್ತು. ಅದು ಇನ್ನೂ ಹೊರಟೇ ಇರಲಿಲ್ಲ. ಹೊರಡದ ರೈಲು ತಡವಾಗುವುದಾದರೂ ಹೇಗೆ? ಆ ಹಸಿರು ಬರಹ ಬರೀ ವೇಳಾಪಟ್ಟಿಯನ್ನು ಒಪ್ಪಿಸಿದ ಹಾಗೆ ಅಂತ ಆಗ ನನಗೆ ಹೊಳೆಯಲಿಲ್ಲ.

ರೈಲು ಸರಿಯಾದ ಸಮಯಕ್ಕೇ ಹೊರಟಿತು. ಒಂದೂವರೆ ಗಂಟೆ ಕಳೆದ ಮೇಲೆ ಬಯಲಿನ ಮಧ್ಯೆ ನಿಂತಿತು. ಮುಂದಿನ ಸ್ಟೇಷನ್ನಿನ ಪಾಯಿಂಟ್‌ಗಳ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ, ಸರಿಯುವ ಹಳಿಗಳ) ಸಂದಿಗೆ ಹಿಮ ತುಂಬಿ ಹೆಪ್ಪುಗಟ್ಟಿದೆ, ಹಳಿ ಸರಿಯುತ್ತಿಲ್ಲ ಅಂದರು. ಸರಿ, ಕಾದೆವು. ಅಷ್ಟರಲ್ಲಿ ಒದ್ದೆ ಹಿಮದ ಭಾರಕ್ಕೆ ಮರವೊಂದು ವಿದ್ಯುತ್ ತಂತಿಯ ಮೇಲೆ ಬಿತ್ತು. ಕರೆಂಟ್ ಹೋಯಿತು. ವಿದ್ಯುತ್ ರೈಲಿನಲ್ಲಿ ಬೋಗಿ ಬೆಚ್ಚಗಿಡುವ ಹೀಟರ್‌ಗೂ ಅದೇ ತಂತಿಯ ಕರೆಂಟೇ. ಬ್ಯಾಟರಿಯಲ್ಲಿ ದೀಪ ಒಂದಷ್ಟು ಹೊತ್ತು ಉರಿಯುತ್ತೆ, ಬಿಸಿ ಮಾತ್ರ ಹೋಗಿಬಿಡುತ್ತೆ. ಸ್ವಲ್ಪ ಹೊತ್ತಿಗೆ ಶೌಚಾಲಯಗಳೂ ಕೆಲಸ ನಿಲ್ಲಿಸಿದವು. ಐದೂವರೆ ಗಂಟೆ ಹಾಗೇ ಕೂತಿದ್ದೆವು. ನನ್ನ ಕೋಟೂ ಅಮ್ಮನಿಗೇ ಹೊದಿಸಿದೆ. ಆದರೂ ಅವಳ ಕೈ ಬಿಸಿಯಾಗಲಿಲ್ಲ. ಅವಳು ಒಂದು ಮಾತೂ ದೂರಲಿಲ್ಲ. "ನೀನು ನಿನ್ನೆನೇ ಕೇಳಿದ್ದೆಯಲ್ಲ, ಬಿಡು" ಅಂದಳು. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಕೊನೆಗೆ ಡೀಸೆಲ್ ಎಂಜಿನ್ ತಂದು ನಮ್ಮ ರೈಲನ್ನು ಹಿಂದಕ್ಕೆ ಎಳೆದು ಒಂದು ಸಣ್ಣ ಸ್ಟೇಷನ್ನಿನಲ್ಲಿ ಬಿಟ್ಟರು. ರಾತ್ರಿಯೆಲ್ಲ ಅಲ್ಲೇ, ಬೆಂಚಿನ ಮೇಲೆ. ಆಪರೇಷನ್ ತಪ್ಪಿತು.

ಈಗ ಅವರ ಉತ್ತರಗಳನ್ನು ಕೇಳಿ. ಎರಡು ಟಿಕೆಟ್‌ಗಳ ಹಣವನ್ನೂ ವಾಪಸ್ ಕೇಳಿದ್ದೆ. ಮೊದಲನೆಯದಕ್ಕೆ "ನೀವು ಭಾಗಶಃ ಪ್ರಯಾಣ ಮಾಡಿದ್ದೀರಿ" ಅಂದರು. ಎಲ್ಲಿಗೆ ಪ್ರಯಾಣ ಮಾಡಿದೆವು? ಬಯಲಿಗೆ! ಎರಡನೆಯದಕ್ಕೆ ಬಂದ ಉತ್ತರ ಇದು: "ಆ ರೈಲು ಜಂಕ್ಷನ್‌ನಿಂದ ಸಮಯಕ್ಕೆ ಸರಿಯಾಗಿ ಹೊರಟಿದೆ, ನೀವು ಹಾಜರಿರಲಿಲ್ಲ. ಎರಡೂ ಪ್ರತ್ಯೇಕ ಟಿಕೆಟ್‌ಗಳು." ನಿಮ್ಮ ರೈಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೆ ಸ್ವಾಮಿ, ಹೇಗೆ ಹಾಜರಿರಲಿ? ಬೇರೆ ಬೇರೆಯಾಗಿ ತೆಗೆದರೆ ಸ್ವಲ್ಪ ಅಗ್ಗ ಅಂತ ತೆಗೆದದ್ದು ನನ್ನ ತಪ್ಪು, ಒಪ್ಪುತ್ತೇನೆ.

ಇನ್ನೊಮ್ಮೆ ಬರೆದೆ. ಮಂಗಳವಾರ ಫೋನಿನಲ್ಲಿ ಏನು ಹೇಳಿದ್ದರು ಅಂತ ಸಮಯದ ಸಮೇತ ತಿಳಿಸಿದೆ. ಅದಕ್ಕೆ ನಿನ್ನೆ ಬಂದ ಉತ್ತರ ಇದು: "ಹಿಮದ ಮುನ್ಸೂಚನೆ ಸಾರ್ವಜನಿಕವಾಗಿ ಲಭ್ಯವಿತ್ತು. ಪ್ರಯಾಣಿಸುವ ನಿರ್ಧಾರ ನಿಮ್ಮದೇ ಆಗಿತ್ತು."

ಮಂಗಳವಾರ ನಾನು ಹೆದರಿದರೆ ಅಗತ್ಯ ಇಲ್ಲ ಅಂದವರು ಇವರೇ. ಈಗ ಯಾಕೆ ಹೆದರಲಿಲ್ಲ ಅಂತ ಕೇಳುವವರೂ ಇವರೇ. ಮುನ್ಸೂಚನೆ ನನಗೆ ಲಭ್ಯವಿದ್ದರೆ ಅವರಿಗೆ ಇರಲಿಲ್ಲವಾ?

ಇರುತ್ತೆ, ಚೆನ್ನಾಗಿಯೇ ಇರುತ್ತೆ. ಹಿಮಕ್ಕೆ ರೈಲು ನಿಲ್ಲುವುದು ಹೊಸ ಸಂಗತಿಯೇನಲ್ಲ. 1991ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಒಣ ಪುಡಿಹಿಮ ಮೋಟಾರುಗಳೊಳಗೇ ನುಗ್ಗಿ ರೈಲುಗಳು ಕೆಟ್ಟು ನಿಂತಿದ್ದವು. 2009ರ ಡಿಸೆಂಬರ್ 18ರ ರಾತ್ರಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಇಂಗ್ಲಿಷ್ ಕಾಲುವೆ ಅನ್ನೋ ಕಡಲಿನ ಅಡಿಯ ಸುರಂಗದಲ್ಲಿ ಐದು ಯೂರೋಸ್ಟಾರ್ ರೈಲುಗಳು ಕೆಟ್ಟವು. ಹೊರಗಿನ ಹಿಮ ಒಳಗಿನ ಬಿಸಿಗೆ ಕರಗಿ ವಿದ್ಯುತ್ ಉಪಕರಣಗಳನ್ನು ಹಾಳುಮಾಡಿತ್ತು, ಎರಡು ಸಾವಿರಕ್ಕೂ ಹೆಚ್ಚು ಜನ ಸಿಕ್ಕಿಕೊಂಡಿದ್ದರು. ಹಿಮದ ಜೊತೆಗೇ ಬದುಕುವ ಜಪಾನಿನ ನೀಗಾಟಾದಲ್ಲೂ 2018ರ ಜನವರಿಯಲ್ಲಿ ಸುಮಾರು 430 ಜನ ಒಂದು ರೈಲಿನಲ್ಲಿ ಹದಿನೈದು ಗಂಟೆಯಷ್ಟು ಹೊತ್ತು, ರಾತ್ರಿಯಿಡೀ ಕಳೆದರು. ಈ ರೈಲುಗಳಿಗೂ ಹೊರಡುವಾಗ ಯಾರೂ ಕೆಂಪು ಬಾವುಟ ತೋರಿಸಿರಲಿಲ್ಲ. ಹೊರಡುತ್ತೆ ಅನ್ನೋದು ಬೇರೆ, ಮುಟ್ಟುತ್ತೆ ಅನ್ನೋದು ಬೇರೆ. ನಾನು ಕೇಳಿದ್ದು ಎರಡನೆಯದು, ಅವರು ಹೇಳಿದ್ದು ಮೊದಲನೆಯದು. ಅಲ್ಲೇ ನಾನು ಮೋಸಹೋದದ್ದು.

ಆದ್ದರಿಂದ ದಯವಿಟ್ಟು ಸಹಾಯವಾಣಿಯಲ್ಲಿ "ರೈಲು ಓಡುತ್ತಾ?" ಅಂತ ಕೇಳಬೇಡಿ. ಹಿಮಕ್ಕಾಗಿ ಬೇರೆ ವೇಳಾಪಟ್ಟಿ ಹಾಕಿದ್ದೀರಾ, ಮಧ್ಯೆ ನಿಂತರೆ ಮುಂದಕ್ಕೆ ಹೇಗೆ ಕಳಿಸುತ್ತೀರಿ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಗಾಳಿಯ ಮುನ್ಸೂಚನೆಯನ್ನೂ ನೋಡಿ, ಬಿದ್ದ ಹಿಮವನ್ನು ಹಳಿಯ ಮೇಲೆ ಗುಡ್ಡೆ ಹಾಕುವುದು ಅದೇ. ತಪ್ಪಿಸಲಾಗದ ಕೆಲಸವಿದ್ದರೆ ಶುಲ್ಕ ಹೋದರೆ ಹೋಗಲಿ, ಒಂದು ದಿನ ಮೊದಲೇ ಹೊರಡಿ. ನಾನು ಆ ಶುಲ್ಕ ಉಳಿಸಲು ಹೋಗಿ ಆಪರೇಷನ್ನನ್ನೇ ಕಳೆದುಕೊಂಡೆ. ದಾರಿ ಪೂರ್ತಿಗೆ ಒಂದೇ ಟಿಕೆಟ್ ತೆಗೆಯಿರಿ. ಹೋಗುವುದು ಬೇಡ ಅಂತ ತೀರ್ಮಾನಿಸಿದರೂ ಅವಸರಪಟ್ಟು ನೀವೇ ಟಿಕೆಟ್ ರದ್ದು ಮಾಡಬೇಡಿ, ಹೊರಡುವ ಸಮಯ ಹತ್ತಿರವಾಗುವ ತನಕ ನೋಡಿ. ಅವರು ರದ್ದು ಮಾಡಿದರೆ ಹಣ ವಾಪಸ್ ಕೇಳುವ ದಾರಿ ಇರುತ್ತೆ, ನೀವು ಮಾಡಿದರೆ ಅವರು ಕೈ ತೊಳೆದುಕೊಳ್ಳುತ್ತಾರೆ. ನಿಮ್ಮಲ್ಲಿನ ನಿಯಮವನ್ನೂ ಓದಿಕೊಳ್ಳಿ. ಯುರೋಪ್ ಒಕ್ಕೂಟದಲ್ಲಿ 2023ರಿಂದ ಜಾರಿಯಲ್ಲಿರುವ ನಿಯಮದಂತೆ ವಿಪರೀತ ಹವಾಮಾನದ ಕಾರಣಕ್ಕೆ ತಡವಾದರೆ ಪರಿಹಾರ ಕೊಡದೆ ಇರಬಹುದು. ಆದರೆ 60 ನಿಮಿಷ ಅಥವಾ ಹೆಚ್ಚು ತಡವಾಗುತ್ತೆ ಅಂತ ಗೊತ್ತಾದಾಗ ಟಿಕೆಟ್ ಹಣ ವಾಪಸ್ ಪಡೆಯುವ ಅಥವಾ ಬೇರೆ ದಾರಿಯಲ್ಲಿ ಹೋಗುವ ಹಕ್ಕು ಉಳಿದೇ ಇರುತ್ತೆ. ಪರಿಹಾರ ಬೇರೆ, ಟಿಕೆಟ್ ಹಣ ಬೇರೆ. ಎರಡನ್ನೂ ಒಟ್ಟಿಗೆ ಸೇರಿಸಿ "ಹವಾಮಾನ ನಮ್ಮ ಕೈಯಲ್ಲಿಲ್ಲ" ಅಂದರೆ ಒಪ್ಪಬೇಡಿ.

ಅಮ್ಮನಿಗೆ ಆಸ್ಪತ್ರೆಯಲ್ಲಿ ಮತ್ತೆ ದಿನ ಸಿಕ್ಕಿದ್ದು ಐದು ವಾರದ ಆಚೆಗೆ. ಆಗಲೂ ಚಳಿಗಾಲ ಮುಗಿದಿರಲ್ಲ. ಎರಡು ದಿನ ಮೊದಲಿನ ಟಿಕೆಟ್ ತೆಗೆದಿದ್ದೇನೆ, ಒಂದೇ ಟಿಕೆಟ್. ಆ ರಾತ್ರಿ 9:40ರ ಪ್ರಕಟಣೆಯ ಚಿತ್ರ ನನ್ನ ಫೋನಿನಲ್ಲಿ ಹಾಗೇ ಇದೆ, ಅದನ್ನು ಇಟ್ಟುಕೊಂಡೇ ಮೂರನೇ ಪತ್ರ ಬರೆಯುತ್ತಿದ್ದೇನೆ.