ನಾಲ್ಕು ವರ್ಷ, 31 ಸಾವಿರ ಪುಟ: ನನ್ನ ಲೇಸರ್ ಪ್ರಿಂಟರ್ ಮತ್ತು ಮುಗಿಯದ ಫರ್ಮ್‌ವೇರ್ ಅಪ್‌ಡೇಟ್

ನಾನು ಸಾಗರದಲ್ಲಿ ಮನೆಯಿಂದಲೇ ಟೈಪಿಂಗ್ ಮತ್ತು ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಬಾಡಿಗೆ ಕರಾರು, ಅಫಿಡವಿಟ್, ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಹೀಗೆ. 2021ರ ಜುಲೈನಲ್ಲಿ ಈ ಪ್ರಿಂಟರ್ ತಗೊಂಡೆ. ಕಪ್ಪು-ಬಿಳುಪು ಲೇಸರ್. ಸ್ಕ್ಯಾನ್, ಜೆರಾಕ್ಸ್, ವೈಫೈ ಎಲ್ಲ ಇದೆ. ಆಗ 17,500 ರೂಪಾಯಿ ಕೊಟ್ಟಿದ್ದೆ. ಮೊನ್ನೆ ಅದರ ರಿಪೋರ್ಟ್ ಪುಟ ತೆಗೆದಾಗ ಒಟ್ಟು 31,240 ಪುಟ ಎಂದು ಬಂತು.

ಕಂಪನಿಯ ಹೆಸರು ಹಾಕುತ್ತಿಲ್ಲ. ನನಗೆ ಬಂದ ತೊಂದರೆ ಯಾವ ವೈಫೈ ಪ್ರಿಂಟರಿಗೂ ಬರಬಹುದು, ಸರಿ ಮಾಡುವ ದಾರಿಯೂ ಹೆಚ್ಚುಕಡಿಮೆ ಒಂದೇ. ಬೋರ್ಡ್ ಹೋಗಿದೆ ಎಂದು ಯಾರಾದರೂ ಹೇಳಿದ ಕೂಡಲೇ ದುಡ್ಡು ಕೊಟ್ಟುಬಿಡಬೇಡಿ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಅಕ್ಷರ ತುಂಬಾ ಸ್ವಚ್ಛ. ಸಣ್ಣ ಅಕ್ಷರದಲ್ಲೂ ಒತ್ತಕ್ಷರ ಅಂಟಿಕೊಳ್ಳುವುದಿಲ್ಲ. ಲೀಗಲ್ ಸೈಜಿನ ಹಸಿರು ಹಾಳೆ ನೇರ ಹೋಗುತ್ತದೆ. ಸ್ಟಾಂಪ್ ಪೇಪರ್ ಒಂದೂ ಸಿಕ್ಕಿಕೊಂಡು ಹರಿದಿಲ್ಲ. ನನ್ನ ಕೆಲಸದಲ್ಲಿ ಇದು ದೊಡ್ಡ ಮಾತು, ಯಾಕೆಂದರೆ ಸ್ಟಾಂಪ್ ಪೇಪರ್ ಹಾಳಾದರೆ ಗಿರಾಕಿಯ ದುಡ್ಡೇ ಹೋದ ಹಾಗೆ. ಮಳೆಗಾಲದಲ್ಲಿ ಮಾತ್ರ ಹಾಳೆ ಥಂಡಿ ಹಿಡಿದು ಸುರುಳಿಯಾಗುತ್ತದೆ. ಅದು ನಮ್ಮ ಊರಿನ ಹವೆಯ ಗುಣ, ಪ್ರಿಂಟರಿನ ತಪ್ಪಲ್ಲ. ಒಡೆದ ರಿಮ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತೇನೆ, ದಿನಕ್ಕೆ ಬೇಕಾದಷ್ಟನ್ನೇ ಟ್ರೇಗೆ ಹಾಕುತ್ತೇನೆ.

ತೊಂದರೆ ಶುರುವಾದದ್ದು 2023ರ ಮೇ ತಿಂಗಳಲ್ಲಿ. ಸ್ಕ್ಯಾನ್ ಮಾಡಿದ್ದನ್ನು ಪ್ರಿಂಟರಿನಿಂದ ನೇರ ಮೇಲ್ ಕಳಿಸುವುದು ನಿಂತುಹೋಯಿತು. ಅದಕ್ಕೆ ಹೊಸ ಫರ್ಮ್‌ವೇರ್ ಹಾಕಬೇಕು ಎಂದು ಕಂಪನಿಯ ಸೈಟಿನಲ್ಲಿ ಇತ್ತು. ಫರ್ಮ್‌ವೇರ್ ಅಂದರೆ ಪ್ರಿಂಟರಿನ ಒಳಗೇ ಕೂತಿರುವ ಸಾಫ್ಟ್‌ವೇರ್. ಕಾರಣವೂ ಸರಿಯಾದದ್ದೇ. ಇಂಟರ್ನೆಟ್ಟಿನಲ್ಲಿ ಗುಟ್ಟಾಗಿ ಮಾಹಿತಿ ಕಳಿಸಲು ಬಳಸುತ್ತಿದ್ದ ಟಿಎಲ್‌ಎಸ್ 1.0 ಮತ್ತು 1.1 ಎಂಬ ಹಳೆಯ ಪದ್ಧತಿಗಳನ್ನು 2021ರ ಮಾರ್ಚ್‌ನಲ್ಲೇ ಅಧಿಕೃತವಾಗಿ ಕೈಬಿಟ್ಟಿದ್ದಾರೆ. ಹಳೆಯದನ್ನೇ ಹಿಡಿದುಕೊಂಡ ಯಂತ್ರಗಳ ಜೊತೆ ಮೇಲ್ ಸರ್ವರ್‌ಗಳು ಮಾತಾಡುವುದು ಕಡಿಮೆಯಾಗುತ್ತಾ ಬಂದಿದೆ. ಅದೂ ಅಲ್ಲದೆ ನನ್ನ ಪ್ರಿಂಟರಿನ ಮೂಲಕ ಜನರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಹೋಗುತ್ತವೆ. ನಂಬಿ ಕೊಟ್ಟಿರುತ್ತಾರೆ ಅಲ್ವಾ? ಅಪ್‌ಡೇಟ್ ಮಾಡದೆ ಸುಮ್ನೆ ಬಿಡುವುದು ನನಗೆ ಸರಿ ಕಾಣಲಿಲ್ಲ.

ಪ್ರಿಂಟರಿನ ಪರದೆಯಲ್ಲಿ ಅಪ್‌ಡೇಟ್ ಒತ್ತಿದೆ. ಎರಡು ನಿಮಿಷ ತಿರುಗಿ, ಸರ್ವರ್‌ಗೆ ಸಂಪರ್ಕ ಸಿಗಲಿಲ್ಲ, ಇಂಟರ್ನೆಟ್ ಪರೀಕ್ಷಿಸಿ ಎಂದು ಬಂತು. ಮರುದಿನವೂ ಅದೇ. ಸಾಲದ್ದಕ್ಕೆ ಪ್ರತಿ ರಾತ್ರಿ ತಾನೇ ಹುಡುಕುವ ಹಾಗೆ ಸೆಟ್ಟಿಂಗ್ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಅದೇ ಸಂದೇಶ ಹಿಡಿದುಕೊಂಡು ನಿಂತಿರುತ್ತಿತ್ತು. ಆಫ್ ಮಾಡಿ ಆನ್ ಮಾಡುವ ತನಕ ಒಂದು ಪುಟವೂ ಬರುತ್ತಿರಲಿಲ್ಲ. ಜಿಎಸ್‌ಟಿ 20ನೇ ತಾರೀಖಿನ ಹಿಂದುಮುಂದೆ ಹೀಗಾದರೆ ಎಷ್ಟು ಕಷ್ಟ ಎಂದು ಈ ಕೆಲಸ ಮಾಡುವವರಿಗೆ ಗೊತ್ತು.

ವೈಫೈ ಸರಿ ಇದೆಯಲ್ಲ, ಲ್ಯಾಪ್‌ಟಾಪಿನಿಂದ ಪ್ರಿಂಟ್ ಬರುತ್ತಿದೆಯಲ್ಲ ಎಂದು ನಾನು ತುಂಬಾ ದಿನ ಯೋಚಿಸಿದೆ. ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಲ್ಯಾಪ್‌ಟಾಪಿನಿಂದ ಪ್ರಿಂಟ್ ಕೊಟ್ಟಾಗ ಅದು ರೌಟರ್ ತನಕ ಹೋಗಿ ಪ್ರಿಂಟರಿಗೆ ಬರುತ್ತದೆ. ಮನೆ ದಾಟುವುದೇ ಇಲ್ಲ. ಇಂಟರ್ನೆಟ್ ಪೂರ್ತಿ ಹೋಗಿದ್ದರೂ ಪ್ರಿಂಟ್ ಬರುತ್ತದೆ. ಅಪ್‌ಡೇಟಿಗೆ ಮಾತ್ರ ಪ್ರಿಂಟರ್ ತಾನೇ ಮನೆಯಿಂದ ಹೊರಗೆ ಹೋಗಿ ಕಂಪನಿಯ ಸರ್ವರ್ ಹುಡುಕಬೇಕು. ಎರಡೂ ಬೇರೆ ಬೇರೆ ದಾರಿ. ಮನೆಯೊಳಗಿನ ದಾರಿ ಸರಿ ಇದ್ದ ಮಾತ್ರಕ್ಕೆ ಹೊರಗಿನದ್ದು ಸರಿ ಇರಬೇಕೆಂದಿಲ್ಲ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ವಾರಂಟಿ ಒಂದೇ ವರ್ಷ, ಅದು ಮುಗಿದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಿ ಎಂದರು. ಮಾಡಿದೆ. ಸ್ಕ್ಯಾನಿಗೆ ಕೂಡಿಸಿಟ್ಟಿದ್ದ ಮೇಲ್ ವಿಳಾಸಗಳೆಲ್ಲ ಹೋದವು, ಅಪ್‌ಡೇಟ್ ಆಗಲಿಲ್ಲ. ಮತ್ತೆ ಕೇಳಿದ್ದಕ್ಕೆ, ಮದರ್‌ಬೋರ್ಡ್ ಹೋಗಿರಬೇಕು, 6,500 ಆಗುತ್ತದೆ, ಶಿವಮೊಗ್ಗಕ್ಕೆ ತನ್ನಿ ಎಂದರು. ಯಂತ್ರವನ್ನು ಕಣ್ಣಲ್ಲೂ ನೋಡದೆ ಹೇಳಿದ ಮಾತು ಅದು. 70 ಕಿಲೋಮೀಟರ್ ಹೊತ್ತುಕೊಂಡು ಹೋಗಿ ಬೋರ್ಡ್ ಬದಲಿಸಿದ್ದರೂ ತೊಂದರೆ ಹಾಗೇ ಇರುತ್ತಿತ್ತು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಈ ಮಾತಿಗೆ ನನಗೆ ಇನ್ನೂ ಬೇಜಾರಿದೆ.

ನನ್ನ ತಮ್ಮ ಒಂದು ಉಪಾಯ ಹೇಳಿದ. ಪ್ರಿಂಟರನ್ನು ಮನೆ ವೈಫೈನಿಂದ ತೆಗೆದು ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿ ನೋಡಕ್ಕ, ಅಲ್ಲಿ ಆದರೆ ಪ್ರಿಂಟರ್ ಸರಿ ಇದೆ ಅಂತ ಅರ್ಥ ಎಂದ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್ ಎಂಬ ವೈಫೈ ಬ್ಯಾಂಡಿನಲ್ಲಿ ಇರಬೇಕು. ನನ್ನ ಪ್ರಿಂಟರಿನ ಹಾಗೆ ತುಂಬಾ ಪ್ರಿಂಟರ್‌ಗಳಿಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಹಾಕಿದೆವು, ಅಲ್ಲೂ ಆಗಲಿಲ್ಲ. ಬೋರ್ಡೇ ಹೋಗಿದೆ ಎಂದು ನಾನು ಸೋತು ಕೂತೆ.

ಆಗ ರಿಪೋರ್ಟ್ ಪುಟವನ್ನು ಮತ್ತೊಮ್ಮೆ ಓದಿದೆ. ಮೂಲೆಯಲ್ಲಿ ತಾರೀಖು 2018ರ ಜನವರಿ 1 ಎಂದಿತ್ತು. ರೀಸೆಟ್ ಮಾಡಿದಾಗ ಪ್ರಿಂಟರಿನ ಗಡಿಯಾರವೂ ಹಿಂದಕ್ಕೆ ಹೋಗಿತ್ತು!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪನಿಯ ಸರ್ವರ್ ತಾನು ನಿಜವಾದ ಸರ್ವರ್ ಎಂದು ತೋರಿಸಲು ಒಂದು ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೆ ಶುರುವಿನ ತಾರೀಖು, ಮುಗಿಯುವ ತಾರೀಖು ಎರಡೂ ಇರುತ್ತವೆ. ಪ್ರಿಂಟರ್ ತನ್ನ ಗಡಿಯಾರ ನೋಡಿ ಅದನ್ನು ಪರೀಕ್ಷಿಸುತ್ತದೆ. ಕರಾರು ಪತ್ರದ ತಾರೀಖಿಗಿಂತ ಆಮೇಲೆ ಕೊಂಡ ಸ್ಟಾಂಪ್ ಪೇಪರ್ ನನ್ನ ಕೈಗೆ ಬಂದರೆ ನಾನು ಟೈಪ್ ಮಾಡಲು ಒಪ್ಪುವುದಿಲ್ಲ. ಪ್ರಿಂಟರ್ ಮಾಡಿದ್ದೂ ಅದನ್ನೇ. ಅದರ ಲೆಕ್ಕದಲ್ಲಿ ಇನ್ನೂ 2018, ಸರ್ಟಿಫಿಕೇಟ್ ಹುಟ್ಟಿಯೇ ಇಲ್ಲ. ಅದಕ್ಕೆ ಬಾಗಿಲು ಹಾಕಿಕೊಂಡಿತು. ಪರದೆಯಲ್ಲಿ ಮಾತ್ರ ಇಂಟರ್ನೆಟ್ ಪರೀಕ್ಷಿಸಿ ಎಂಬ ಅದೇ ಸಾಲು. ತಾರೀಖು ತಪ್ಪಾಗಿದೆ ಎಂದು ಒಂದು ಮಾತು ತೋರಿಸಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು. ಈ ಯಂತ್ರಕ್ಕೆ ನಾನು ಅಂಕ ಕಡಿಮೆ ಕೊಡುವುದು ಮುಖ್ಯವಾಗಿ ಇದಕ್ಕೇ.

ತಾರೀಖು ಸರಿ ಮಾಡಿದೆ. ಹಾಟ್‌ಸ್ಪಾಟಿನಲ್ಲಿ ಸರ್ವರ್ ಸಿಕ್ಕಿತು. ಮನೆ ವೈಫೈಗೆ ಹಾಕಿದರೆ ಮತ್ತೆ ಇಲ್ಲ. ಹಾಗಾದರೆ ಮನೆಯ ಲೈನಿನಲ್ಲೂ ಒಂದು ತೊಂದರೆ ಇದೆ ಎಂದಾಯಿತು. ಪ್ರಿಂಟರಿನ ಐಪಿ ನಂಬರನ್ನು, ಅಂದರೆ ಮನೆಯ ವೈಫೈನಲ್ಲಿ ಅದಕ್ಕೆ ಸಿಕ್ಕ ವಿಳಾಸವನ್ನು, ಬ್ರೌಸರಿನಲ್ಲಿ ಹಾಕಿದರೆ ಅದರ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಅಲ್ಲಿ ಡಿಎನ್‌ಎಸ್ ಎಂಬ ಜಾಗದಲ್ಲಿ ರೌಟರಿನ ನಂಬರೇ ಇತ್ತು. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಹೊಸ ಫೈಬರ್ ಲೈನಿನ ಜೊತೆ ಬಂದ ರೌಟರ್ ಪ್ರಿಂಟರಿಗೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಅದನ್ನು ಅಳಿಸಿ, ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಕಂಪನಿಗಳು ಎಲ್ಲರಿಗೂ ಕೊಡುವ ಡಿಎನ್‌ಎಸ್ ನಂಬರ್‌ಗಳಾದ 8.8.8.8 ಮತ್ತು 1.1.1.1 ಎಂದು ಕೈಯಾರೆ ಹಾಕಿದೆ. ತಕ್ಷಣ ಡೌನ್‌ಲೋಡ್ ಶುರುವಾಯಿತು.

ಅದು ಜೂನ್ ಕೊನೆ. ಹೊರಗೆ ಮಳೆ ಹೊಡೆಯುತ್ತಿತ್ತು. ಡೌನ್‌ಲೋಡ್ ಮುಗಿದು, ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂದು ಬಂದ ಮೂರನೇ ನಿಮಿಷಕ್ಕೆ ಕರೆಂಟ್ ಹೋಯಿತು.

ಕರೆಂಟ್ ಬಂದ ಮೇಲೆ ಪರದೆ ಕಪ್ಪಗೇ ಇತ್ತು. ಒಂದು ದೀಪ ಮಾತ್ರ ಮಿನುಗುತ್ತಿತ್ತು. ಯಾವ ಗುಂಡಿಗೂ ಉತ್ತರವಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐಟಿ ರಿಟರ್ನ್ ಹಂಗಾಮು ಮುಂದಿತ್ತು, ಇನ್ನೊಂದು ಪ್ರಿಂಟರಿಗೆ ದುಡ್ಡಿರಲಿಲ್ಲ.

ಯಂತ್ರವನ್ನು ಉಳಿಸಿದ್ದು ಯುಎಸ್‌ಬಿ ಕೇಬಲ್. ನನ್ನ ಮಾದರಿಗೆ ರಿಕವರಿ ಮೋಡ್ ಇದೆ. ಎಲ್ಲ ಪ್ರಿಂಟರಿಗೂ ಇರುವುದಿಲ್ಲ, ಮ್ಯಾನುಯಲ್ ನೋಡಿಕೊಳ್ಳಿ. ಎರಡು ಗುಂಡಿ ಒಟ್ಟಿಗೆ ಹಿಡಿದು ಆನ್ ಮಾಡಿದರೆ ಅದು ಹೊಸ ಫರ್ಮ್‌ವೇರಿಗೆ ಕಾಯುತ್ತಾ ನಿಲ್ಲುತ್ತದೆ. ಕಂಪನಿಯ ಸೈಟಿನಿಂದ ಅದೇ ಮಾದರಿಯ ಫೈಲ್ ಇಳಿಸಿಕೊಂಡು ಲ್ಯಾಪ್‌ಟಾಪಿನಿಂದ ಕೇಬಲ್ ಮೂಲಕ ಕಳಿಸಬೇಕು. ಮಾದರಿಯ ನಂಬರಿನಲ್ಲಿ ಒಂದು ಅಕ್ಷರವೂ ಹೆಚ್ಚುಕಡಿಮೆ ಆಗಬಾರದು.

ಆದರೆ ಮತ್ತೆ ಕರೆಂಟ್ ಹೋದರೆ? ಮನೆಯಲ್ಲಿ 600 ವಿಎ ಯುಪಿಎಸ್ ಇದೆ, ಅದು ಇದಕ್ಕೆ ಆಗುವುದಿಲ್ಲ. ಲೇಸರ್ ಪ್ರಿಂಟರ್ ಪುಡಿಯನ್ನು ಹಾಳೆಗೆ ಅಂಟಿಸಲು ಒಳಗೆ ಒಂದು ರೋಲರನ್ನು ಕಾಯಿಸುತ್ತದೆ. ಅದು ಕಾಯುವಾಗ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಸಣ್ಣ ಯುಪಿಎಸ್ ಕಿರುಚಿ ನಿಂತುಹೋಗುತ್ತದೆ. ಅಪ್‌ಡೇಟ್ ಕೊನೆಯಲ್ಲಿ ಪ್ರಿಂಟರ್ ತಾನೇ ರೀಸ್ಟಾರ್ಟ್ ಆಗಿ ಕಾಯಲು ಶುರು ಮಾಡುವುದರಿಂದ ಈ ಅಪಾಯ ಇದ್ದೇ ಇದೆ.

ಪಕ್ಕದ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಯುಪಿಎಸ್ ಇದೆ. ಅಂಗಡಿಯ ಹುಡುಗನನ್ನು ಕೇಳಿದೆ. "ಅದಕ್ಕೆಂಥ ಅಕ್ಕ, ತಗೊಂಡು ಬನ್ನಿ, ಮಧ್ಯಾಹ್ನ ಹೇಗೂ ಜನ ಕಡಿಮೆ" ಎಂದ. ಆಟೋದಲ್ಲಿ ಪ್ರಿಂಟರ್ ಇಟ್ಟುಕೊಂಡು ಹೋದೆ. ಲ್ಯಾಪ್‌ಟಾಪ್ ಹಚ್ಚಿ ಫೈಲ್ ಕಳಿಸಿದೆ. ಹನ್ನೊಂದು ನಿಮಿಷ. ಪರದೆ ಬೆಳಗಿದಾಗ ನನ್ನ ಕಣ್ಣು ತುಂಬಿತು. ಆ ಹುಡುಗ ದುಡ್ಡು ತಗೊಳ್ಳಲಿಲ್ಲ. ಅವರ ಅಂಗಡಿಯ ಲೆಕ್ಕ ಬರೆದುಕೊಡುತ್ತೇನೆ ಎಂದು ನಾನೇ ಹೇಳಿ ಬಂದೆ, ಈಗಲೂ ಬರೆಯುತ್ತಿದ್ದೇನೆ.

ಅಪ್‌ಡೇಟ್ ಆದ ಮೇಲೆ ಸ್ಕ್ಯಾನಿನಿಂದ ಮೇಲ್ ಹೋಗುವುದು ಸರಿಯಾಯಿತು. ವೈಫೈ ಪಾಸ್‌ವರ್ಡ್, ತಾರೀಖು, ಡಿಎನ್‌ಎಸ್ ಮೂರನ್ನೂ ಮತ್ತೆ ಹಾಕಬೇಕಾಯಿತು. ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದ ಮೇಲೆ ಕೆಲವು ಪಿಡಿಎಫ್‌ಗಳಲ್ಲಿ ಕನ್ನಡ ಅಕ್ಷರ ಚೆಲ್ಲಾಪಿಲ್ಲಿ ಬಂತು, ಒತ್ತಕ್ಷರ ಪಕ್ಕಕ್ಕೆ ಜಾರಿತು. ಅಡೋಬಿ ರೀಡರಿನಲ್ಲಿ ಪ್ರಿಂಟ್ ಕೊಡುವಾಗ ಅಡ್ವಾನ್ಸ್‌ಡ್ ಒಳಗೆ ಪ್ರಿಂಟ್ ಆ್ಯಸ್ ಇಮೇಜ್ ಎಂದು ಟಿಕ್ ಹಾಕಿದರೆ ಸರಿ ಬರುತ್ತದೆ. ಸ್ವಲ್ಪ ನಿಧಾನ, ಅಷ್ಟೇ. ಪ್ರಿಂಟರ್ ಆಫ್‌ಲೈನ್ ಎಂದು ಪದೇ ಪದೇ ತೋರಿಸುತ್ತಿದ್ದುದಕ್ಕೆ ಕಾರಣ ಬೇರೆ. ಕರೆಂಟ್ ಹೋಗಿ ಬಂದಾಗಲೆಲ್ಲ ರೌಟರ್ ಅದಕ್ಕೆ ಹೊಸ ಐಪಿ ಕೊಡುತ್ತಿತ್ತು. ರೌಟರಿನಲ್ಲಿ ಒಂದೇ ನಂಬರ್ ಕಾಯಂ ಮಾಡಿದೆ, ಆ ತೊಂದರೆ ಮತ್ತೆ ಬರಲಿಲ್ಲ.

ಟೋನರ್ ರೀಫಿಲ್ ಮಾಡಿಸುವವರಿಗೆ ಒಂದು ಮಾತು. ಕೆಲವು ಫರ್ಮ್‌ವೇರ್‌ಗಳು ಬೇರೆಯವರ ಚಿಪ್ ಇರುವ ಕಾರ್ಟ್ರಿಜ್ ನಿಲ್ಲಿಸಿಬಿಡುತ್ತವೆ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರ್‌ಗಳಲ್ಲಿ ಹೀಗಾಗಿ, ದೊಡ್ಡ ಗಲಾಟೆಯ ನಂತರ ಕಂಪನಿ ಕ್ಷಮೆ ಕೇಳಿ ಆ ತಡೆ ತೆಗೆಯುವ ಫರ್ಮ್‌ವೇರ್ ಕೊಟ್ಟಿತು. ನನ್ನದರಲ್ಲಿ ಕಂಪನಿಯ ಕಾರ್ಟ್ರಿಜ್ಜನ್ನೇ ರೀಫಿಲ್ ಮಾಡಿಸುತ್ತೇನೆ. ಎಚ್ಚರಿಕೆ ಸಂದೇಶ ಬರುತ್ತದೆ, ಕೆಲಸ ನಿಲ್ಲುವುದಿಲ್ಲ. ಆದರೂ ಅಪ್‌ಡೇಟಿಗೆ ಮುಂಚೆ ರೀಫಿಲ್ ಮಾಡುವವರನ್ನು ಕೇಳುತ್ತೇನೆ. ಹಳೆಯ ಫರ್ಮ್‌ವೇರಿಗೆ ವಾಪಸ್ ಹೋಗಲು ತುಂಬಾ ಮಾದರಿಗಳಲ್ಲಿ ಬಿಡುವುದಿಲ್ಲ.

ಈಗ ತಾನಾಗಿ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿದ್ದೇನೆ. ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ ಮತ್ತು ಮಳೆ ಹಿಡಿಯುವ ಮುಂಚೆ, ಆ ಅಂಗಡಿಗೇ ಹೋಗಿ ಕೇಬಲ್ಲಿನಲ್ಲಿ ಹಾಕುತ್ತೇನೆ. ಆಮೇಲೆ ಒಂದೂ ತಪ್ಪಿಲ್ಲ.

ಪ್ರಿಂಟ್ ಗುಣಮಟ್ಟಕ್ಕೆ ಐದಕ್ಕೆ ಐದು. ಅಪ್‌ಡೇಟ್ ವ್ಯವಸ್ಥೆಗೆ ಎರಡು. ಫೋನಿನಲ್ಲಿ ಸಿಕ್ಕ ಸರ್ವಿಸಿಗೆ ಒಂದು. ದಿನಕ್ಕೆ ಮೂವತ್ತು ನಲವತ್ತು ಪುಟ ತೆಗೆಯುವವರಿಗೆ ಇಂಥ ಯಂತ್ರ ಧೈರ್ಯವಾಗಿ ತಗೊಳ್ಳಿ ಎನ್ನುತ್ತೇನೆ. ಕೊಳ್ಳುವಾಗ ಯುಎಸ್‌ಬಿ ಕೇಬಲ್ ಡಬ್ಬಿಯಲ್ಲಿ ಇದೆಯಾ ಎಂದು ಕೇಳಿ, ಇಲ್ಲದಿದ್ದರೆ ಅವತ್ತೇ ಒಂದು ತಗೊಳ್ಳಿ. ಈಗ ಮೇಲಿನ ಸ್ಕ್ಯಾನ್ ಟ್ರೇ ಎರಡೆರಡು ಹಾಳೆ ಒಟ್ಟಿಗೆ ಎಳೆಯಲು ಶುರು ಮಾಡಿದೆ, ರಬ್ಬರ್ ರೋಲರ್ ಸವೆದಿದೆ. ಹೊಸದು ತರಿಸಿದ್ದೇನೆ. ಹಾಕಿದ ಮೇಲೆ ಹೇಗಿದೆ ಎಂದು ಇಲ್ಲೇ ಸೇರಿಸುತ್ತೇನೆ.